ಮರುಳಸಿದ್ದಪ್ಪನವರ ಕೆಮ್ಮು ಮತ್ತು ನನ್ನ ನಾಲ್ಕು ದಿನ

ಮರುಳಸಿದ್ದಪ್ಪನವರು ಬೆಳಿಗ್ಗೆ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತುತ್ತಲೇ ಕೇಳುತ್ತಿದ್ದ ಮೊದಲ ಮಾತು, "ಎಲ್ಲಾದ್ರೂ ಮಂಗ ಸತ್ತಿದ್ದು ಗೊತ್ತಾಯ್ತಾ?" ಹೊಸಬರು ಇದನ್ನು ತಮಾಷೆ ಎಂದುಕೊಳ್ಳುತ್ತಿದ್ದರು. ಅದು ಅವರ ಕೆಲಸವಾಗಿತ್ತು. ನಮ್ಮ ಕಡೆ ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗು, ಎಂದರೆ ಉಣ್ಣೆಹುಳ, ಮನುಷ್ಯರನ್ನು ಕಚ್ಚುತ್ತದೆ, ಮಂಗನ ಕಾಯಿಲೆ ಬರುತ್ತದೆ. ನವೆಂಬರಿನಿಂದ ಮೇವರೆಗೆ ಅವರು ಬಿಳಿ ಫ್ಲಾನೆಲ್ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿಕೊಂಡು ಕಾಡಿನ ನೆಲದ ಮೇಲೆ ಎಳೆಯುತ್ತಾ ಹೋಗುತ್ತಿದ್ದರು. ಬಟ್ಟೆಗೆ ಹತ್ತಿದ ಉಣುಗುಗಳನ್ನು ಚಿಮಟದಲ್ಲಿ ತೆಗೆದು ಸೀಸೆಗೆ ಹಾಕಿ, ಎಲ್ಲಿ ಸಿಕ್ಕಿತು ಎಂದು ಚೀಟಿ ಬರೆದು ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಕಟ್ಟಿಗೆಗೆ, ಒಣ ಎಲೆಯ ದರಗಿಗೆ ಕಾಡಿಗೆ ಹೋಗುವವರ ಮನೆಮನೆಗೆ ತಿರುಗಿ ಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ ಕೊಡುತ್ತಿದ್ದರು. ಬಾಳೆಹೊನ್ನೂರಿನಿಂದ ಎನ್.ಆರ್.ಪುರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಸಣ್ಣ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಅವರು ಆರೋಗ್ಯ ಸಹಾಯಕರಾಗಿದ್ದರು. ಎಲ್ಲ ಮನೆಯಲ್ಲೂ ಅವರು ಹೇಳಿ ಬರುತ್ತಿದ್ದದ್ದು ಒಂದೇ: "ಜ್ವರ ಬಂದ್ರೆ ಮುಚ್ಚಿಡಬೇಡಿ. ಕೂಲಿ ಹೋಗುತ್ತೆ ಅಂತ ಸುಮ್ನಿರಬೇಡಿ. ಅದೇ ದಿನ ಹೇಳಿ."

ನಾನು ಅಲ್ಲಿ ಲ್ಯಾಬ್ ಟೆಕ್ನಿಷಿಯನ್. ಹೆಸರು ಶಬಾನ, ಊರು ಎನ್.ಆರ್.ಪುರ, ಅಪ್ಪನದು ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಅಂಗಡಿ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ಒಬ್ಬ ಜ್ವರದ ರೋಗಿಯ ರಕ್ತ ತೆಗೆದ ಸೂಜಿ ನನ್ನ ಹೆಬ್ಬೆರಳಿಗೆ ಚುಚ್ಚಿತು. ಆ ರೋಗಿಗೆ ಮಂಗನ ಕಾಯಿಲೆ ಎಂದು ಮರುದಿನ ತಿಳಿಯಿತು. ಹೊಸ ಕೆಲಸ; ಹೇಳಿದರೆ ಅಜಾಗರೂಕಳು ಎಂದು ತೆಗೆದುಹಾಕುತ್ತಾರೆ ಎಂಬ ಹೆದರಿಕೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಆದರೆ ಬೆರಳಿಗೆ ಸುತ್ತಿದ ಪಟ್ಟಿಯನ್ನು ಮರುಳಸಿದ್ದಪ್ಪನವರು ನೋಡಿಬಿಟ್ಟರು.

"ಇದೆಂತ?" ಎಂದರು.

"ಏನಿಲ್ಲ ಸಾರ್, ಗಾಜು ತಾಗಿತು."

"ಗಾಜು ತಾಗಿದ್ರೆ ಗೀರು ಬರುತ್ತೆ ಮಾರಾಯ್ತಿ, ಚುಕ್ಕೆ ಬರಲ್ಲ. ಈಗ ನೀನೇ ಡಾಕ್ಟ್ರಿಗೆ ಹೇಳ್ತೀಯೋ, ನಾನು ಹೇಳ್ಲೋ?"

ನಾನು ಅತ್ತೆ. ಅವರು ಕರಗಲಿಲ್ಲ, ನೇರ ಡಾಕ್ಟರ ಕೋಣೆಗೆ ಹೋಗಿ ಹೇಳಿದರು. ಆಮೇಲೆ ಮೂರು ವಾರ ದಿನಾ ಬೆಳಿಗ್ಗೆ ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟು, ಗಡಿಯಾರ ನೋಡುತ್ತಾ ನಿಂತಿರುತ್ತಿದ್ದರು. ನನಗೆ ಏನೂ ಆಗಲಿಲ್ಲ. ಕೆಲಸವೂ ಹೋಗಲಿಲ್ಲ. ಅವತ್ತಿನಿಂದ ಅವರು ನನಗೆ ಮನೆಯ ಹಿರಿಯರ ಹಾಗೆ.

ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಅನ್ನಪೂರ್ಣಮ್ಮ ಬಾಳೆಹೊನ್ನೂರಿನಲ್ಲಿ ಅಂಗನವಾಡಿ ಸಹಾಯಕಿ. ಕಡಿಮೆ ಮಾತಿನವರು, ಗಂಡನ ಬೀಡಿಯ ವಿಷಯದಲ್ಲಿ ಮಾತ್ರ ದಿನಾ ಜಗಳ. ಕಾಡಿನಲ್ಲಿ ಜಿಗಣೆಗೆ, ಸೊಳ್ಳೆಗೆ ಎಂದು ಶುರುವಾದ ಬೀಡಿ ಮನೆಯ ಅಂಗಳಕ್ಕೂ ಬಂದಿತ್ತು.

ಹೋದ ವರ್ಷದ ಜುಲೈಯಲ್ಲಿ ಅವರ ಕಫದಲ್ಲಿ ರಕ್ತ ಕಂಡಿತು. ಅವರು ಅದನ್ನು ಮುಚ್ಚಿಡಲಿಲ್ಲ. ಡಬ್ಬಿಯಲ್ಲಿ ಹಿಡಿದು ನೇರ ನನ್ನ ಮೇಜಿಗೇ ತಂದರು. "ನೋಡು, ಟಿಬಿ ಇರ್ಬೇಕು. ಆರು ತಿಂಗಳು ಮಾತ್ರೆ ನುಂಗಿದ್ರಾಯ್ತು" ಎಂದರು. ನಾನು ಮೂರು ಸಲ ನೋಡಿದೆ. ಟಿಬಿ ಇರಲಿಲ್ಲ. ಯಾರದೋ ಸ್ಲೈಡಿನಲ್ಲಿ ಕ್ಷಯದ ಕ್ರಿಮಿ ಕಾಣಲಿ ಎಂದು ನಾನು ಬಯಸಿದ್ದು ಅದೊಂದೇ ಸಲ.

ಕೊಪ್ಪದಲ್ಲಿ ಎಕ್ಸ್‌ರೇ ಆಯಿತು, ಅಲ್ಲಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಬರೆದುಕೊಟ್ಟರು. ಬಲಗಡೆ ಶ್ವಾಸಕೋಶದಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ. ಯಕೃತ್ತಿಗೂ ಹಬ್ಬಿತ್ತು. ಆಪರೇಷನ್ ಮಾಡುವ ಹಂತ ದಾಟಿದೆ ಎಂದರು. ಅನ್ನಪೂರ್ಣಮ್ಮನಿಗೆ ಘಾಟಿಯ ತಿರುವುಗಳಲ್ಲಿ ವಾಂತಿಯಾಗುತ್ತಿತ್ತು, ಇಂಗ್ಲಿಷೂ ಬರುತ್ತಿರಲಿಲ್ಲ. ಹಾಗಾಗಿ ರಜೆ ಹಾಕಿ ಜೊತೆಗೆ ಹೋಗುತ್ತಿದ್ದವಳು ನಾನು.

ಅಲ್ಲಿ ನಮಗೆ ರಶ್ಮಿಯ ಪರಿಚಯವಾಯಿತು. ಆಸ್ಪತ್ರೆಯಲ್ಲಿ ಒಂದು ಹೊಸ ಔಷಧದ ಪ್ರಯೋಗ ನಡೆಯುತ್ತಿತ್ತು. ಅದಕ್ಕೆ ರೋಗಿಗಳನ್ನು ಸೇರಿಸಿ, ಅವರ ದಿನಾಂಕ, ಪರೀಕ್ಷೆ ಎಲ್ಲ ನೋಡಿಕೊಳ್ಳುವುದು ಅವಳ ಕೆಲಸ. ಗಡ್ಡೆಯಿಂದ ತೆಗೆದ ಚೂರನ್ನು ಒಂದು ವಿಶೇಷ ಬಣ್ಣದಲ್ಲಿ ಪರೀಕ್ಷೆ ಮಾಡಿದ್ದರು. ನಾನು ಲ್ಯಾಬಿನವಳು ಎಂದು ತಿಳಿದು ರಶ್ಮಿ ಅದರ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದಳು. ನೀಲಿ ಚುಕ್ಕೆಗಳ ಸುತ್ತ ಕಂದು ಬಣ್ಣದ ಬಳೆಗಳು. ನೂರು ಜೀವಕೋಶಗಳಲ್ಲಿ ಎಂಬತ್ತಕ್ಕೆ ಆ ಕಂದು ಬಳೆ ಇತ್ತು.

"ಇದು ಜೀವಕೋಶದ ಹೊರಪೊರೆ ಮೇಲಿರೋ ಒಂದು ಪ್ರೋಟೀನು" ಎಂದು ಅವಳು ಮರುಳಸಿದ್ದಪ್ಪನವರಿಗೆ ವಿವರಿಸಿದಳು. "ಪಿಡಿ-ಎಲ್ ಒನ್ ಅಂತ ಹೆಸರು. ನಿಮ್ಮ ರಕ್ತದಲ್ಲಿ ಕಾವಲಿನ ಕೋಶಗಳಿವೆ, ಕ್ಯಾನ್ಸರನ್ನ ಕೊಲ್ಲೋ ಶಕ್ತಿ ಅವಕ್ಕಿದೆ. ಆದ್ರೆ ಅವು ಹತ್ತಿರ ಬಂದಾಗ ಗಡ್ಡೆ ಈ ಪ್ರೋಟೀನನ್ನ ಮುಂದೆ ಹಿಡಿಯುತ್ತೆ. ಕಾವಲಿನ ಕೋಶದ ಮೇಲೆ ಅದಕ್ಕೆ ಸರಿಯಾಗಿ ಕೂರೋ ಇನ್ನೊಂದು ಪ್ರೋಟೀನಿದೆ. ಎರಡೂ ಕೂಡಿದ ಕೂಡಲೇ ಕಾವಲಿನವನು, ಇದು ನಮ್ಮದೇ, ಏನೂ ಮಾಡಬಾರದು ಅಂತ ಸುಮ್ಮನಾಗ್ತಾನೆ. ಈ ಔಷಧ ಅವೆರಡೂ ಕೂಡದ ಹಾಗೆ ಮಧ್ಯೆ ಬಂದು ಕೂರುತ್ತೆ."

ಮರುಳಸಿದ್ದಪ್ಪನವರು ಕಂಪ್ಯೂಟರಿನ ಕಡೆ ಬಗ್ಗಿದರು. "ಅಂದ್ರೆ ಫಾರೆಸ್ಟ್ ಚೆಕ್‌ಪೋಸ್ಟಲ್ಲಿ ಕದ್ದ ನಾಟಾ ಮರದ ಲಾರಿಯವನು ಪಾಸ್ ತೋರಿಸ್ದಂಗೆ. ಗಾರ್ಡು ಗೇಟ್ ಎತ್ತಿಬಿಡ್ತಾನೆ."

"ಹೌದು, ಹಾಗೇ!" ರಶ್ಮಿಗೆ ಸಂತೋಷವಾಯಿತು.

"ಈ ಪಾಸು ಕ್ಯಾನ್ಸರಿನವನೇ ಅಚ್ಚು ಹಾಕಿದ್ದಾ?"

"ಇಲ್ಲ. ನಮ್ಮ ಮೈಯೇ ಮಾಡಿಕೊಂಡಿರೋ ವ್ಯವಸ್ಥೆ. ಒಳ್ಳೇ ಅಂಗಗಳ ಮೇಲೆ ಕಾವಲಿನವರು ಕೈ ಮಾಡಬಾರದಲ್ಲ, ಅದಕ್ಕೆ."

"ಹಾಗಾದ್ರೆ ಇನ್ನು ಪಾಸೇ ನೋಡ್ಬೇಡಿ ಅಂತ ಗಾರ್ಡಿಗೆ ಹೇಳಿದ್ರೆ, ಸರಿಯಾದ ಪಾಸಿರೋ ಬಡವನ ಗಾಡಿನೂ ಹಿಡಿದು ಒಡೀತಾರಲ್ಲಮ್ಮ?"

ರಶ್ಮಿ ನನ್ನ ಮುಖ ನೋಡಿದಳು. ಆಮೇಲೆ, ಅದೇ ಇದರ ಅಪಾಯ ಎಂದು ಒಪ್ಪಿಕೊಂಡಳು. ಕೆಲವರಲ್ಲಿ ಕಾವಲಿನ ಕೋಶಗಳು ಕರುಳಿನ ಮೇಲೆ, ಶ್ವಾಸಕೋಶದ ಮೇಲೆ, ಹೃದಯದ ಮೇಲೂ ತಿರುಗಿ ಬೀಳುತ್ತವೆ. ಬೇಗ ತಿಳಿದರೆ ಸ್ಟೆರಾಯ್ಡ್ ಕೊಟ್ಟು ತಡೆಯಬಹುದು. ಭೇದಿ, ಕೆಮ್ಮು, ಉಸಿರುಗಟ್ಟುವುದು, ಜ್ವರ, ಯಾವುದೇ ಇರಲಿ, ಎಷ್ಟೇ ಸಣ್ಣದಿರಲಿ, ಅದೇ ದಿನ ಫೋನ್ ಮಾಡಬೇಕು. ಯಾವ ಡಾಕ್ಟರ ಹತ್ತಿರ ಹೋದರೂ ತೋರಿಸಲು ಒಂದು ಹಳದಿ ಕಾರ್ಡನ್ನೂ ಕೊಟ್ಟಳು. ಮರುಳಸಿದ್ದಪ್ಪನವರು ನಕ್ಕು, "ಇದನ್ನ ನೀವು ನಂಗೆ ಹೇಳ್ತೀರಾ? ನಾನು ಇಪ್ಪತ್ತಾರು ವರ್ಷದಿಂದ ಊರಿಗೆಲ್ಲ ಇದನ್ನೇ ಹೇಳ್ಕೊಂಡು ತಿರುಗ್ತಿದೀನಿ" ಎಂದು ಸಹಿ ಹಾಕಿದರು.

ಸೆಪ್ಟೆಂಬರಿನಲ್ಲಿ ಮೊದಲ ಡೋಸು. ಮೂರು ವಾರಕ್ಕೊಮ್ಮೆ. ಬೆಳಿಗ್ಗೆಯ ಬಸ್ಸಿಗೆ ಬಾಳೆಹೊನ್ನೂರಿನಲ್ಲಿ ಅವರು ಹತ್ತುತ್ತಿದ್ದರು, ಪಕ್ಕದಲ್ಲಿ ನಾನು. ಶೃಂಗೇರಿಯಲ್ಲಿ ಯಾತ್ರಿಕರು ಇಳಿದು ಬಸ್ಸು ಖಾಲಿಯಾಗುತ್ತಿತ್ತು. ಅಲ್ಲಿ ಹತ್ತು ನಿಮಿಷ ಕಾಫಿ. ಆಮೇಲೆ ಕೆರೆಕಟ್ಟೆ, ಘಾಟಿ, ಕಾರ್ಕಳ. ಆಸ್ಪತ್ರೆಯಲ್ಲಿ ಒಂದು ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ಕೈಗೆ ಹನಿ ಏರಿಸಿಕೊಳ್ಳುವುದು. ಕೂದಲು ಉದುರಲಿಲ್ಲ, ವಾಂತಿಯಾಗಲಿಲ್ಲ. "ಇದೆಂತ ಔಷಧಿಯೋ, ನೀರು ಏರಿಸ್ತಿದಾರೋ" ಎಂದು ಅವರಿಗೇ ಅನುಮಾನ.

ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು ವಾಸಪ್ಪ. ಕೊಪ್ಪದ ಹತ್ತಿರದ ಹಳ್ಳಿಯವರು, ಬಡಗಿ. ಅವರಿಗೂ ಶ್ವಾಸಕೋಶದ ಕ್ಯಾನ್ಸರೇ, ಅವರೂ ಅದೇ ಪ್ರಯೋಗದಲ್ಲಿದ್ದರು. ಇಬ್ಬರೂ ಬೀಡಿ ಬಿಟ್ಟ ಸಂಕಟ ಹಂಚಿಕೊಳ್ಳುತ್ತಿದ್ದರು. ವಾಪಸು ಬರುವ ಬಸ್ಸಿನಲ್ಲಿ ಮೂವರೂ ಒಟ್ಟಿಗೆ. ಯಾವ ಮರಕ್ಕೆ ಎಷ್ಟು ವರ್ಷ ಎಂದು ವಾಸಪ್ಪ ಕಿಟಕಿಯಿಂದಲೇ ಹೇಳುತ್ತಿದ್ದರು, ಆ ಮರದ ಬುಡದಲ್ಲಿ ಉಣುಗು ಎಷ್ಟಿರುತ್ತದೆ ಎಂದು ಇವರು.

ನವೆಂಬರಿನ ಸ್ಕ್ಯಾನಿನಲ್ಲಿ ಮರುಳಸಿದ್ದಪ್ಪನವರ ಗಡ್ಡೆ ಅರ್ಧಕ್ಕೆ ಇಳಿದಿತ್ತು. ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಹಾಕಿ ತೋರಿಸಿದರು. ಅವರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಕತ್ತಿನಲ್ಲಿದ್ದ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡರು. "ಶಬಾನ, ಈ ಸಲದ ಸೀಸನ್ನಿಗೆ ನಾನು ಕಾಡಿಗೆ ಹೋಗ್ತೀನಿ ನೋಡು" ಎಂದರು. ಡಿಸೆಂಬರಿನಲ್ಲಿ ನಿಜವಾಗಿಯೂ ಬಿಳಿ ಬಟ್ಟೆ ಕೋಲಿಗೆ ಕಟ್ಟಿಕೊಂಡು ಹೋದರು. ನಾಲ್ಕು ಕೆಜಿ ತೂಕ ಏರಿತ್ತು. ಅನ್ನಪೂರ್ಣಮ್ಮ ನನ್ನ ಕೈಯಲ್ಲಿ ಒಂದು ಡಬ್ಬಿ ಕಡುಬು ಕಳಿಸಿದರು, ನಮ್ಮಪ್ಪನಿಗೆ.

ಅದೇ ಹೊತ್ತಿನಲ್ಲಿ ವಾಸಪ್ಪನವರಿಗೆ ಭೇದಿ ಶುರುವಾಯಿತು. ರಶ್ಮಿ ಹೇಳಿದ್ದ ಹಾಗೆ ಅವರು ಅದೇ ದಿನ ಫೋನ್ ಮಾಡಿದರು. ಕರುಳಿನ ಮೇಲೆ ಕಾವಲಿನ ಕೋಶಗಳು ತಿರುಗಿಬಿದ್ದಿವೆ ಎಂದು ಪತ್ತೆಯಾಯಿತು. ಸ್ಟೆರಾಯ್ಡ್ ಕೊಟ್ಟರು, ಭೇದಿ ನಿಂತಿತು. ಆದರೆ ಪ್ರಯೋಗದ ನಿಯಮದಂತೆ ಔಷಧವನ್ನೂ ನಿಲ್ಲಿಸಿದರು. ಅವರ ಗಡ್ಡೆ ಮೊದಲಿನಿಂದಲೂ ಔಷಧಕ್ಕೆ ಅಷ್ಟಾಗಿ ಬಗ್ಗಿರಲಿಲ್ಲ. ಡಿಸೆಂಬರ್ ಕೊನೆಗೆ ಅದು ಮೆದುಳಿಗೆ ಹೋಯಿತು. ಜನವರಿ ಕೊನೆಯಲ್ಲಿ ತೀರಿಕೊಂಡರು.

ಮರುಳಸಿದ್ದಪ್ಪನವರು ಮಣ್ಣಿಗೆ ಹೋಗಿ ಬಂದು ಮರುದಿನ ನನ್ನ ಲ್ಯಾಬಿನಲ್ಲಿ ತುಂಬಾ ಹೊತ್ತು ಕೂತಿದ್ದರು.

"ಔಷಧಿ ನಿಲ್ಲಿಸಿದ್ರು, ಸತ್ತ" ಎಂದರು.

"ಹಾಗಲ್ಲ ಸಾರ್. ಅವರಿಗೆ ಅದು ಕೆಲಸಾನೇ ಮಾಡ್ತಿರಲಿಲ್ಲ ಅಂತ ರಶ್ಮಿ ಹೇಳಿದ್ಲಲ್ಲ."

"ಹೇಳ್ತಾರೆ. ಅವನು ಹೊಟ್ಟೆ ಕೆಟ್ಟಿದ್ದು ಹೇಳ್ದೆ ಇದ್ದಿದ್ರೆ ಡೋಸು ನಡೀತಿತ್ತು ತಾನೇ?"

ನಾನು ಮತ್ತೂ ವಿವರಿಸಿದೆ. ಭೇದಿಯನ್ನು ಹಾಗೇ ಬಿಟ್ಟಿದ್ದರೆ ಕರುಳೇ ತೂತಾಗುತ್ತಿತ್ತು ಎಂದೆ. ಅವರು ತಲೆಯಾಡಿಸಿದರು. ಒಪ್ಪಿದರು ಎಂದುಕೊಂಡೆ. ಹಳ್ಳಿಯಲ್ಲಿ ಜ್ವರ ಮುಚ್ಚಿಡುವವರೂ ಇವರ ಮಾತಿಗೆ ಹೀಗೇ ತಲೆಯಾಡಿಸುತ್ತಿದ್ದರು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಫೆಬ್ರವರಿ ಕೊನೆಯ ವಾರ, ಬುಧವಾರ. ಅವರು ಹಿಂಬಾಗಿಲಿನಿಂದ ಲ್ಯಾಬಿಗೆ ಬಂದರು. ಮುಖ ಬಿಳಿಚಿತ್ತು. ಮೂರು ಮೆಟ್ಟಿಲು ಹತ್ತಿದ್ದಕ್ಕೆ ಉಸಿರು ಎಳೆಯುತ್ತಿದ್ದರು. ಒಣಕೆಮ್ಮು. ಹಣೆ ಮುಟ್ಟಿ ನೋಡಿದರೆ ಬೆಚ್ಚಗಿತ್ತು.

"ಯಾವಾಗಿಂದ?" ಎಂದೆ.

"ನಿನ್ನೆಯಿಂದ. ಮೊನ್ನೆ ಕಾಡಿಗೆ ಹೋಗಿದ್ನಲ್ಲ, ಮಂಗನ ಕಾಯಿಲೆನೇ ಇರ್ಬೇಕು. ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸು."

ನಾನು ಬೆರಳಿಗೆ ಆಕ್ಸಿಮೀಟರ್ ಹಾಕಿದೆ. ತೊಂಬತ್ತೊಂದು. ಇನ್ನೊಂದು ಬೆರಳಿಗೆ ಹಾಕಿದೆ. ತೊಂಬತ್ತು. ಮಂಗನ ಕಾಯಿಲೆಯಲ್ಲಿ ಮೊದಲ ದಿನಕ್ಕೇ ಆಮ್ಲಜನಕ ಹೀಗೆ ಇಳಿಯುವುದಿಲ್ಲ ಎಂದು ನನಗೂ ಗೊತ್ತಿತ್ತು, ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ನಾನು ಫೋನ್ ತೆಗೆದೆ. ಅವರು ನನ್ನ ಕೈಮೇಲೆ ಕೈ ಇಟ್ಟರು.

"ರಶ್ಮಿಗೆ ಮಾಡ್ಬೇಡ."

"ಸಾರ್, ಇದು ಔಷಧದಿಂದಲೇ ಆಗಿರೋದು. ನಿಮಗೂ ಗೊತ್ತು."

"ಸೋಮವಾರ ನನ್ನ ಡೋಸು. ಹೆಂಗೂ ಅಲ್ಲಿಗೆ ಹೋಗ್ತೀವಲ್ಲ. ಅವತ್ತೇ ನಾನೇ ಹೇಳ್ತೀನಿ. ಇವತ್ತು ಹೇಳಿದ್ರೆ ಆ ಡೋಸೂ ಇಲ್ಲ. ಇದೊಂದು ಆಗ್ಲಿ ಶಬಾನ. ಇದೊಂದು ಆದ್ರೆ ಗಡ್ಡೆ ಪೂರ್ತಿ ಹೋಗುತ್ತೆ ಅಂತ ನಂಗೆ ಅನ್ನಿಸ್ತಿದೆ."

"ಡಾಕ್ಟರಿಗಾದರೂ ಹೇಳ್ತೀನಿ."

"ಅವರಿಗೆ ಜ್ವರ ಅಂತ ಹೇಳು. ಆಕ್ಸಿಜನ್ ಹೇಳ್ಬೇಡ. ಮಾರಾಯ್ತಿ, ನಿನ್ನ ಹತ್ರ ನಾನು ಇದುವರೆಗೆ ಏನಾದ್ರೂ ಕೇಳಿದೀನಾ?"

ಅವರು ಕೇಳಿರಲಿಲ್ಲ. ಯಾವತ್ತೂ ಏನೂ ಕೇಳಿರಲಿಲ್ಲ. ನಾನು ಫೋನನ್ನು ಮೇಜಿನ ಮೇಲಿಟ್ಟೆ.

ನಮ್ಮ ಡಾಕ್ಟರ್ ಪ್ರಸನ್ನಕುಮಾರ್ ಅವತ್ತು ಮಧ್ಯಾಹ್ನ ಅವರನ್ನು ನೋಡಿ, ಸೀಸನ್ನಿನ ಜ್ವರ ಎಂದು ರಕ್ತ ಕಳಿಸಲು ಹೇಳಿ ಪ್ಯಾರಾಸಿಟಮಾಲ್ ಕೊಟ್ಟರು. ಕಾಡಿಗೆ ಹೋಗಿಬಂದ ಮನುಷ್ಯ, ಫೆಬ್ರವರಿ ತಿಂಗಳು. ಅವರ ಮುಂದೆ ಇಟ್ಟ ಸಂಗತಿಗಳಿಗೆ ಅದು ಸರಿಯಾದ ತೀರ್ಮಾನವೇ. ಆಕ್ಸಿಮೀಟರಿನ ಅಂಕಿಯನ್ನು ಇಟ್ಟಿರಲಿಲ್ಲ, ಅಷ್ಟೆ. ಹಳದಿ ಕಾರ್ಡು ಮನೆಯಲ್ಲಿ ಬೀರುವಿನಲ್ಲಿತ್ತು.

ಗುರುವಾರ ಫೋನ್ ಮಾಡಿದೆ. "ಅಡ್ಡಿಯಿಲ್ಲ" ಎಂದರು. ಮಾತಿನ ಮಧ್ಯೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಶುಕ್ರವಾರ ಶಿವಮೊಗ್ಗದಿಂದ ವರದಿ ಬಂತು: ಮಂಗನ ಕಾಯಿಲೆ ಇಲ್ಲ. ಕಾಗದ ಕೈಯಲ್ಲಿ ಹಿಡಿದುಕೊಂಡು ನಾನು ಡಾಕ್ಟರ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ರೋಗಿಗಳಿದ್ದರು. ಕಾದೆ. ಕಾಯುತ್ತಾ ಕಾಯುತ್ತಾ, ಇನ್ನು ಮೂರು ದಿನ ತಾನೇ, ಸೋಮವಾರ ಅಲ್ಲೇ ದೊಡ್ಡ ಡಾಕ್ಟರು ನೋಡುತ್ತಾರಲ್ಲ, ನಾನು ಮಾತು ಮುರಿದರೆ ಈ ಮನುಷ್ಯ ಮತ್ತೆ ನನ್ನ ಮುಖ ನೋಡಲಿಕ್ಕಿಲ್ಲ ಎಂದು ಅನ್ನಿಸಿತು. ವರದಿಯನ್ನು ಫೈಲಿನಲ್ಲಿಟ್ಟು ವಾಪಸು ಬಂದೆ. ಶನಿವಾರ ಅವರ ಮನೆಗೇ ಹೋದೆ. ದಿಂಬುಗಳನ್ನು ಒರಗಿಸಿ ಕೂತೇ ಇದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅನ್ನಪೂರ್ಣಮ್ಮ ನನ್ನನ್ನು ಹಿತ್ತಲಿಗೆ ಕರೆದರು.

"ಎಂತ ಇದು? ಬರೀ ಜ್ವರ ಅಂತಾರೆ. ನೀನು ನೋಡಿದೀಯಲ್ಲ, ಹೇಳು."

"ಜ್ವರಾನೇ ಅಮ್ಮ" ಎಂದೆ. "ಸೋಮವಾರ ಹೋಗ್ತೀವಲ್ಲ."

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅನ್ನಪೂರ್ಣಮ್ಮನ ಫೋನ್ ಬಂತು. ತುಟಿ ನೀಲಿಯಾಗಿದೆ, ಮಾತಾಡುತ್ತಿಲ್ಲ ಎಂದರು. ನಾನು ಆಂಬುಲೆನ್ಸಿಗೆ ಹೇಳಿ, ಹಳದಿ ಕಾರ್ಡನ್ನು ಬೀರುವಿನಿಂದ ತೆಗೆದಿಟ್ಟುಕೊಳ್ಳಲು ಹೇಳಿ, ಅಪ್ಪನ ಬೈಕಿನಲ್ಲಿ ಕೊಪ್ಪಕ್ಕೆ ಹೋದೆ. ಅಲ್ಲಿಯ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ, ಕಾರ್ಡು ನೋಡಿ, ಮಂಗಳೂರಿಗೆ ಫೋನ್ ಮಾಡಿ, ಅವರು ಹೇಳಿದ ಸ್ಟೆರಾಯ್ಡ್ ಚುಚ್ಚಿ ಅಲ್ಲಿಗೇ ಕಳಿಸಿದರು. ಆಂಬುಲೆನ್ಸಿನಲ್ಲಿ ಅವರ ಬೆರಳಿನ ಅಂಕಿ ಎಪ್ಪತ್ತೆಂಟರ ಆಸುಪಾಸಿನಲ್ಲಿತ್ತು. ಘಾಟಿ ಇಳಿಯುವಾಗ ಅನ್ನಪೂರ್ಣಮ್ಮನಿಗೆ ವಾಂತಿಯಾಗಲಿಲ್ಲ. ಅವರು ಗಂಡನ ಪಾದ ಹಿಡಿದುಕೊಂಡು ಒಂದೇ ಸಮನೆ ಆ ಅಂಕಿ ನೋಡುತ್ತಿದ್ದರು.

ಹದಿಮೂರು ದಿನ ಐಸಿಯು. ಐದನೇ ದಿನ ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಕರೆದು ಸ್ಕ್ಯಾನ್ ತೋರಿಸಿದರು. ಎರಡೂ ಶ್ವಾಸಕೋಶ ಮಂಜು ತುಂಬಿದ ಹಾಗೆ ಬೆಳ್ಳಗಿತ್ತು. ಬಲಗಡೆ ಗಡ್ಡೆ ಇದ್ದ ಜಾಗಕ್ಕೆ ಪೆನ್ನಿನ ತುದಿ ಇಟ್ಟರು.

"ಇಲ್ಲಿ ಈಗ ಒಂದು ಗೆರೆ ಮಾತ್ರ ಇದೆ. ಯಕೃತ್ತಿನಲ್ಲೂ ಏನೂ ಕಾಣ್ತಿಲ್ಲ. ಔಷಧ ನಾವು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ" ಎಂದರು. ಆಮೇಲೆ ಪೆನ್ನನ್ನು ಬಿಳಿ ಭಾಗದ ಕಡೆ ಸರಿಸಿದರು. "ಇದೂ ಅದೇ ಮಾಡಿದ್ದು. ಶುರುವಿನಲ್ಲೇ ಬಂದಿದ್ದರೆ ಇಷ್ಟು ಹಾನಿ ಆಗ್ತಿರಲಿಲ್ಲ. ಮನೆಯಲ್ಲಿ ಎಷ್ಟು ದಿನ ಹೀಗಿತ್ತು?"

ಅನ್ನಪೂರ್ಣಮ್ಮ, "ಶನಿವಾರ ಜಾಸ್ತಿ ಆಯ್ತು" ಎಂದರು. ನಾನು ಬಾಯಿ ತೆರೆಯಲಿಲ್ಲ.

ಅವರು ಉಳಿದರು. ಮಾರ್ಚ್ ಮಧ್ಯದಲ್ಲಿ ಮನೆಗೆ ಬಂದರು. ಮೂಗಿಗೆ ಕೊಳವೆ, ಪಕ್ಕದಲ್ಲಿ ಗುಂಯ್‌ಗುಡುವ ಆಮ್ಲಜನಕದ ಯಂತ್ರ. ಶ್ವಾಸಕೋಶ ಒಳಗೆ ಗಟ್ಟಿಯಾಗಿತ್ತು, ಅದು ಇನ್ನು ಮೆದುವಾಗುವುದಿಲ್ಲ ಎಂದಿದ್ದರು. ಕಾವಲಿನ ಕೋಶಗಳನ್ನು ಅಡಗಿಸಿಡಲು ಸ್ಟೆರಾಯ್ಡ್ ತೆಗೆದುಕೊಳ್ಳಲೇಬೇಕು. ತೆಗೆದುಕೊಂಡಷ್ಟೂ ಬೇರೆ ಸೋಂಕು ಬರುವ ಭಯ. ಮುಖ ಊದಿ ಗುಂಡಗಾಯಿತು, ಸಕ್ಕರೆ ಏರಿತು, ತೊಡೆ ಸೊರಗಿ ಬಚ್ಚಲಿಗೆ ಹೋಗಲು ಹೆಂಡತಿಯ ಭುಜ ಬೇಕಾಯಿತು. ಏಪ್ರಿಲಿನ ಗುಡುಗುಮಳೆ ಶುರುವಾದ ಮೇಲೆ ಕರೆಂಟು ಹೋದಾಗಲೆಲ್ಲ ಸಿಲಿಂಡರಿಗೆ ಕೊಳವೆ ಬದಲಿಸಬೇಕು. ಅನ್ನಪೂರ್ಣಮ್ಮ ಅಂಗನವಾಡಿ ಕೆಲಸ ಬಿಟ್ಟರು.

ನಾನು ವಾರಕ್ಕೆ ಎರಡು ಸಲ ಹೋಗಿ ಸಕ್ಕರೆ ನೋಡಿ ಬರುತ್ತಿದ್ದೆ. ಜೂನಿನ ಸ್ಕ್ಯಾನಿನಲ್ಲೂ ಗಡ್ಡೆ ಇರಲಿಲ್ಲ. ವರದಿ ಓದಿ ಹೇಳಿದೆ. ಅವರು ಕೊಳವೆ ಸರಿಮಾಡಿಕೊಂಡು, ಎರಡೆರಡು ಪದಕ್ಕೆ ನಿಲ್ಲಿಸಿ ಹೇಳಿದರು: "ಕ್ಯಾನ್ಸರ್ ಇಲ್ಲ. ಅದು ಹೋಯ್ತು. ನಾನು ಮಾತ್ರ ಇಲ್ಲಿಂದ ಬಚ್ಚಲಿಗೆ ಹೋಗಕ್ಕಾಗಲ್ಲ."

ನಾನು ವರದಿಯನ್ನು ಮಡಚಿದೆ.

"ನೀನು ಅವತ್ತು ಹೇಳಿದ್ರೆ ಚೆನ್ನಾಗಿತ್ತು" ಎಂದರು. ಸಿಟ್ಟಿರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. "ನಾನು ಬೇಡ ಅಂದಿದ್ದು ಹೌದು. ಊರಲ್ಲಿ ಎಷ್ಟು ಜನ ನಂಗೆ ಬೇಡ ಅಂದಿಲ್ಲ. ಅವರ ಮಾತು ನಾನು ಕೇಳಿದ್ನಾ?"

ಆ ಮಾತಾದ ಮೇಲೂ ನಾನು ಹೋಗುತ್ತಿದ್ದೆ, ಅವರು ಬೆರಳು ಮುಂದೆ ಚಾಚುತ್ತಿದ್ದರು, ನಾನು ಚುಚ್ಚಿ ಅಂಕಿ ಬರೆದುಕೊಳ್ಳುತ್ತಿದ್ದೆ. ಬೇರೆ ಮಾತು ಕಡಿಮೆಯಾಯಿತು.

ಜುಲೈ ಮೂರನೇ ವಾರ ಜ್ವರ ಬಂತು. ಈ ಸಲ ಅನ್ನಪೂರ್ಣಮ್ಮ ಅರ್ಧ ಗಂಟೆಯೊಳಗೆ ಎಲ್ಲರಿಗೂ ಫೋನ್ ಮಾಡಿದ್ದರು. ಆದರೆ ಗಟ್ಟಿಯಾದ ಶ್ವಾಸಕೋಶಕ್ಕೆ ನ್ಯುಮೋನಿಯಾ ತಗುಲಿತ್ತು. ಅವರು ಮತ್ತೆ ಮಂಗಳೂರಿಗೆ ಬರಲು ಒಪ್ಪಲಿಲ್ಲ. ಮೂರನೇ ದಿನ ಮಧ್ಯಾಹ್ನ, ಹೆಂಡತಿ ಗಂಜಿ ಆರಿಸುತ್ತಿದ್ದಾಗ ಹೋದರು. ಮಠದಿಂದ ಅಯ್ಯನವರು ಬಂದು ವಿಭೂತಿ ಹಚ್ಚಿದರು. ಅವರ ಪದ್ಧತಿಯಂತೆ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಮಳೆಯಲ್ಲಿ ಗುಂಡಿಗೆ ಇಳಿಸಿದರು. ಎಣ್ಣೆ ಹಚ್ಚಿಕೊಳ್ಳದ್ದಕ್ಕೆ ಅವರಿಂದ ಬೈಸಿಕೊಂಡಿದ್ದ ಜನ ಎಷ್ಟೋ ಹಳ್ಳಿಗಳಿಂದ ಬಂದಿದ್ದರು. ನಾನು ಹೆಂಗಸರ ಹಿಂದೆ ನಿಂತಿದ್ದೆ.

ಸೆಪ್ಟೆಂಬರಿನಲ್ಲಿ ರಶ್ಮಿಯ ಫೋನ್ ಬಂತು. ಪ್ರಯೋಗದ ದಾಖಲೆ ಮುಗಿಸಬೇಕಿತ್ತು. ಒಂದು ಕಡೆ, ಗಡ್ಡೆ ಸಂಪೂರ್ಣ ಮಾಯವಾದವರ ಪಟ್ಟಿಯಲ್ಲಿ ಅವರ ಸಂಖ್ಯೆ ಇದೆ ಎಂದಳು. ಇನ್ನೊಂದು ಕಡೆ, ಔಷಧದ ಅಡ್ಡಪರಿಣಾಮದಿಂದ ಸತ್ತವರ ಪಟ್ಟಿಯಲ್ಲೂ ಇದೆ. ಇವರ ಮಾಹಿತಿಯಿಂದ ಮುಂದಿನ ರೋಗಿಗಳಿಗೆ ಉಪಯೋಗವಾಗುತ್ತದೆ ಎಂದಳು. ಅದು ನಿಜವಿರಬಹುದು.

"ಶಬಾನ, ಒಂದು ಜಾಗ ಖಾಲಿ ಇದೆ. ಮೊದಲ ಲಕ್ಷಣ ಕಂಡ ದಿನ. ಮನೆಯವರು ಶನಿವಾರ ಅಂದಿದ್ದಾರೆ. ಅದನ್ನೇ ಹಾಕ್ಲಾ?"

ಕಿಟಕಿಯಾಚೆ ರೋಗಿಗಳು ಸಾಲಾಗಿ ಕೂತಿದ್ದರು.

"ಅಲ್ಲ" ಎಂದೆ. "ಮಂಗಳವಾರ. ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಆಮ್ಲಜನಕ ತೊಂಬತ್ತಿತ್ತು. ನಾನೇ ನೋಡಿದ್ದು."

"ಮತ್ತೆ ಯಾಕೆ…" ಎಂದು ಶುರುಮಾಡಿದವಳು ನಿಲ್ಲಿಸಿದಳು. "ಸರಿ. ಬರ್ಕೊಂಡೆ" ಎಂದಳು.

ಆ ಸಂಜೆಯೇ ನಾನು ಬಾಳೆಹೊನ್ನೂರಿಗೆ ಹೋದೆ. ಕಾಗದದಲ್ಲಿ ಬರೆಸಿದ್ದನ್ನು ಅನ್ನಪೂರ್ಣಮ್ಮನಿಗೆ ಹೇಳದೆ ಇರುವುದು ಆಗಲಿಲ್ಲ. ಅವರು ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ: ಬುಧವಾರ, ತೊಂಬತ್ತು, ಅವರು ಬೇಡ ಎಂದದ್ದು, ಶುಕ್ರವಾರದ ವರದಿ, ಶನಿವಾರ ಹಿತ್ತಲಿನಲ್ಲಿ ನಾನು ಆಡಿದ ಸುಳ್ಳು.

"ಎಷ್ಟು ದಿನ ಗೊತ್ತಿತ್ತು ನಿಂಗೆ?"

"ನಾಲ್ಕು ದಿನ ಅಮ್ಮ."

ಅವರ ಕೈ ನಿಂತಿತು. "ಅವರಿಗೆ ಸಾಯೋ ಹೆದರಿಕೆ ಇತ್ತು, ಮುಚ್ಚಿಟ್ರು. ನಿಂಗೆ ಯಾವ ಹೆದರಿಕೆ ಇತ್ತು?"

ನಾನು ಏನೋ ಹೇಳಲು ಹೋದೆ. ಅವರು ಕೇಳಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಕತ್ತಲಾಗುವವರೆಗೂ ನಿಂತಿದ್ದೆ. ಒಳಗಿನ ದೀಪ ಹತ್ತಿತು, ಬಾಗಿಲು ತೆರೆಯಲಿಲ್ಲ. ಕೊನೆಯ ಬಸ್ಸಿಗೆ ಹೊರಟು ಬಂದೆ.

ಅನ್ನಪೂರ್ಣಮ್ಮ ಬಿಪಿ ಮಾತ್ರೆಗೆ ಮೊದಲು ನಮ್ಮ ಕೇಂದ್ರಕ್ಕೇ ಬರುತ್ತಿದ್ದರು. ಈಗ ಬೇರೆ ಕಡೆ ಹೋಗುತ್ತಾರೆ. ಮರುಳಸಿದ್ದಪ್ಪನವರ ಹುದ್ದೆಗೆ ಇನ್ನೂ ಯಾರನ್ನೂ ಹಾಕಿಲ್ಲ. ನವೆಂಬರ್ ಬಂದಿದೆ, ಬಿಳಿ ಬಟ್ಟೆ ಕಾಡಿಗೆ ಹೊರಡುವ ತಿಂಗಳು.